ಬ್ಯಾಂಕ್ ಎಂದರೆ ಎಷ್ಟೊಂದು ಬ್ಯಾಂಕ್! ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಉಡುಪಿಯಲ್ಲಿ ಹುಟ್ಟಿ ಮಂಗಳೂರಿನಲ್ಲಿ ಮನೆ ಮಾಡಿದವ. 34 ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತು ನಿವೃತ್ತನಾದೆ. ನಮ್ಮ ಕಡೆ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದವರು "ಏನು ಕೆಲಸ?" ಎಂದು ಕೇಳುವುದು ಕಡಿಮೆ, ನೇರವಾಗಿ "ಯಾವ ಬ್ಯಾಂಕ್?" ಎಂದೇ ಶುರು ಮಾಡುತ್ತಾರೆ. ಈಗ ಸಂಜೆ ಹೊತ್ತು ನೆರೆಮನೆಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಇಷ್ಟು ವರ್ಷ ಅನ್ನ ಹಾಕಿದ ಪದದ ಬಗ್ಗೆ ನನಗೆ ಎಷ್ಟು ಕಡಿಮೆ ಗೊತ್ತಿತ್ತು ಎಂದು ತಿಳಿದದ್ದು ಅವರು ಪ್ರಶ್ನೆ ಕೇಳತೊಡಗಿದ ಮೇಲೆ. ಮಕ್ಕಳು, ಅವರ ಅಪ್ಪ ಅಮ್ಮಂದಿರು, ಹಳೆ ಸಹೋದ್ಯೋಗಿಗಳು ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಹೊಳೆಯ ದಂಡೆಗೂ ಬ್ಯಾಂಕ್, ದುಡ್ಡಿಡುವಲ್ಲಿಗೂ ಬ್ಯಾಂಕ್. ಎರಡೂ ಒಂದೇ ಪದವೋ, ಬೇರೆ ಬೇರೆಯೋ?

ನಿಘಂಟಿನಲ್ಲಿ ಬೇರೆ ಬೇರೆ, ವಂಶಾವಳಿಯಲ್ಲಿ ಒಂದೇ. ನಮ್ಮೂರಿನ ಲೆಕ್ಕದಲ್ಲೇ ಹೇಳುತ್ತೇನೆ. ಒಂದು ಮನೆಯಲ್ಲಿ ಇಬ್ಬರು ಅಣ್ಣ ತಮ್ಮ. ಅಣ್ಣ ಗದ್ದೆ ನೋಡಿಕೊಂಡು ಊರಲ್ಲೇ ಉಳಿದ. ತಮ್ಮ ಮುಂಬಯಿಗೆ ಹೋಗಿ ಹೋಟೆಲು ಇಟ್ಟು, ಭಾಷೆ ಉಡುಪು ಎಲ್ಲ ಬದಲಾಯಿಸಿಕೊಂಡು, ಎಷ್ಟೋ ವರ್ಷದ ಮೇಲೆ ದುಡ್ಡಿನವನಾಗಿ ಊರಿಗೆ ಬಂದ. ಈಗಿನ ಮಕ್ಕಳಿಗೆ ಇವರು ಒಂದೇ ಮನೆಯವರು ಎಂದರೆ ನಂಬಿಕೆ ಬರುವುದಿಲ್ಲ.

ಮನೆ ಎಂದರೆ ಇಲ್ಲಿ ಹಳೆಯ ಜರ್ಮಾನಿಕ್ ಭಾಷೆ. ನೆಲದಿಂದ ಎತ್ತರಕ್ಕಿರುವ ದಿಬ್ಬ, ಏರು, ಕಟ್ಟೆಯಂಥ ಜಾಗ ಎಂಬ ಅರ್ಥದ ಒಂದು ಬೇರು ಅಲ್ಲಿತ್ತು. ಅದರ ಒಂದು ಕವಲು ಸ್ಕ್ಯಾಂಡಿನೇವಿಯಾದವರ ಬಾಯಲ್ಲಿ ಬೆಳೆದು 1200ರ ಸುಮಾರಿಗೆ ಇಂಗ್ಲಿಷಿಗೆ ಬಂತು. ಅದೇ ದಂಡೆ, ದಿಬ್ಬ ಎಂಬ ಅರ್ಥದ ಬ್ಯಾಂಕ್, ಊರಲ್ಲಿ ಉಳಿದ ಅಣ್ಣ. ಇನ್ನೊಂದು ಕವಲಿನಲ್ಲಿ ಎತ್ತರದ ಜಾಗವೇ ಕೂರುವ ಜಾಗವಾಯಿತು. ಇಂಗ್ಲಿಷಿನಲ್ಲಿ ಅದು ಬೆಂಚ್ ಆಗಿ ನಿಂತಿತು. ಜರ್ಮಾನಿಕ್ ಪಂಗಡಗಳ ಜತೆ ಇಟಲಿಗೆ ಹೋದದ್ದು 'ಬಾಂಕಾ', 'ಬಾಂಕೋ' ಆಯಿತು. ಅಲ್ಲಿ ದುಡ್ಡಿನ ಸಹವಾಸ ಮಾಡಿ, ಫ್ರಾನ್ಸ್ ಸುತ್ತಿ, 15ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿನ ಬಾಗಿಲು ತಟ್ಟಿತು. ಆ ಹೊತ್ತಿಗೆ ಅಣ್ಣ ತಮ್ಮ ಇಬ್ಬರ ರೂಪವೂ ಒಂದೇ ಆಗಿತ್ತು, ಗುರುತು ಮಾತ್ರ ಉಳಿದಿರಲಿಲ್ಲ.

ಬೆಂಚಿಗೂ ದುಡ್ಡಿಗೂ ಏನು ಸಂಬಂಧ?

ಇಟಲಿಯ ವ್ಯಾಪಾರದ ಪಟ್ಟಣಗಳಲ್ಲಿ ಹತ್ತು ದೇಶದ ನಾಣ್ಯ ಓಡಾಡುತ್ತಿತ್ತು. ನಾಣ್ಯ ತೂಗಿ, ಉಜ್ಜಿ ನೋಡಿ, ಬದಲಾಯಿಸಿ ಕೊಡುವವರು ಪೇಟೆಯಲ್ಲಿ ಬೆಂಚು ಹಾಕಿಕೊಂಡು ಕೂರುತ್ತಿದ್ದರು. ಜನ ಆ ಬೆಂಚಿನ ಹೆಸರಿನಿಂದಲೇ ವ್ಯವಹಾರವನ್ನು ಕರೆದರು. ಬೆಂಚಿನ ಮೇಲಿದ್ದವರು ಕಟ್ಟಡಕ್ಕೆ ಹೋದರೂ ಹೆಸರು ಬೆಂಚಿನದ್ದೇ ಉಳಿಯಿತು. ಜಿನೋವಾದಲ್ಲಿ 1407ರಲ್ಲಿ ಸಾನ್ ಜಾರ್ಜೋ ಬ್ಯಾಂಕ್ ಶುರುವಾಯಿತು. ಸಿಯೆನಾದಲ್ಲಿ 1472ರಲ್ಲಿ ಶುರುವಾದ ಮೊಂತೆ ದೈ ಪಾಸ್ಕಿ ಇಂದಿಗೂ ನಡೆಯುತ್ತಿದೆ. ಇದರ 'ಮೊಂತೆ' ಎಂದರೆ ಗುಡ್ಡ, ರಾಶಿ. ಬೆಂಚೋ ಗುಡ್ಡವೋ, ದುಡ್ಡಿಗೆ ಎತ್ತರದ ಜಾಗ ಬೇಕು ಅಂತ ಕಾಣುತ್ತದೆ.

ಕೂರುವ ಜಾಗ ಸಂಸ್ಥೆಯ ಹೆಸರಾಗುವುದು ಉಡುಪಿಯವರಿಗೆ ಹೊಸತಾಗಿ ಹೇಳಬೇಕಾದ್ದಲ್ಲ. ಎರಡು ವರ್ಷಕ್ಕೊಮ್ಮೆ ಪರ್ಯಾಯದಲ್ಲಿ ಸರ್ವಜ್ಞ ಪೀಠಾರೋಹಣ ನೋಡುತ್ತೇವೆ. ಪೀಠ ಎಂದರೆ ಮಣೆ, ಕೂರುವ ಆಸನ. ಆದರೆ 'ಪೀಠದ ತೀರ್ಮಾನ' ಎಂದಾಗ ಮರದ ಮಣೆ ಮಾತಾಡಿತು ಎಂದು ಯಾರೂ ತಿಳಿಯುವುದಿಲ್ಲ. ಹೈಕೋರ್ಟಿನ ಬೆಂಚನ್ನು ನಾವು ಪೀಠ ಎಂದೇ ಅನುವಾದಿಸಿದ್ದೇವೆ, ವಿಶ್ವವಿದ್ಯಾಲಯದಲ್ಲಿ ಅಧ್ಯಯನ ಪೀಠಗಳಿವೆ.

ಜರ್ಮನಿಯವರು ಇಂದಿಗೂ ಬೆಂಚಿಗೂ ಬ್ಯಾಂಕಿಗೂ ಒಂದೇ ಪದ ಹೇಳುತ್ತಾರೆ. ಬಹುವಚನದಲ್ಲಿ ಮಾತ್ರ ಬೇರೆಯಾಗುತ್ತದೆ: ಬೆಂಚುಗಳು 'ಬೆಂಕೆ', ಬ್ಯಾಂಕುಗಳು 'ಬಾಂಕೆನ್'. ಗ್ರೀಕರು ಬ್ಯಾಂಕಿಗೆ 'ತ್ರಾಪೆಜ಼ಾ' ಎನ್ನುತ್ತಾರೆ. ಮೂಲದಲ್ಲಿ ಅದಕ್ಕೆ ಮೇಜು ಎಂದು ಅರ್ಥ.

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಮಂಗಳೂರಿನ ಕೊಂಕಣಿ ಮಾತಾಡುವ ಮನೆಗೆ ಹೋಗಿ ನೋಡಿ. ಜಗಲಿಯಲ್ಲಿರುವ ಮರದ ಉದ್ದ ಬೆಂಚನ್ನು ಹಿರಿಯರು 'ಬಾಂಕ್' ಎನ್ನುತ್ತಾರೆ. "ಬಾಂಕಾರ್ ಬಸ್" ಎಂದರೆ ಬೆಂಚಿನ ಮೇಲೆ ಕೂತುಕೋ ಎಂದು. ಇದು ಇಂಗ್ಲಿಷಿನಿಂದ ಬಂದದ್ದಲ್ಲ, ಪೋರ್ಚುಗೀಸರ 'ಬಾಂಕು' ಎಂಬ ಪದ ಸಮುದ್ರದ ದಾರಿಯಲ್ಲಿ ಇಲ್ಲಿಗೆ ಬಂದದ್ದು. ಮರಾಠಿಯ 'ಬಾಕ್', ಗುಜರಾತಿಯ 'ಬಾಂಕಡೋ' ಎರಡೂ ಬೆಂಚೇ. ನನ್ನ ಸಹೋದ್ಯೋಗಿಯೊಬ್ಬರ ಅಜ್ಜಿ ಪೆನ್ಶನ್ ದಿನ ಮಗನಿಗೆ ಹೇಳುತ್ತಿದ್ದರಂತೆ, ಬ್ಯಾಂಕಿಗೆ ಹೋಗಿ ಬಾಂಕಿನ ಮೇಲೆ ಎಷ್ಟು ಹೊತ್ತು ಕೂರಬೇಕೋ ಏನೋ ಎಂದು. ಒಂದೇ ವಾಕ್ಯದಲ್ಲಿ ಐನೂರು ವರ್ಷದ ಚರಿತ್ರೆ. ಅಜ್ಜಿಗೆ ಮಾತ್ರ ಸೊಂಟನೋವಿನ ಚಿಂತೆ.

ಬ್ಯಾಂಕ್ರಪ್ಟ್ ಎಂದರೆ ಬೆಂಚು ಮುರಿದದ್ದು ಎನ್ನುತ್ತಾರೆ. ನಿಜವೇ?

ಪದ ನಿಜ, ಕತೆ ಅನುಮಾನ. ಇಟಾಲಿಯನ್ನಿನ 'ಬಾಂಕಾ ರೊತ್ತಾ', ಅಂದರೆ ಮುರಿದ ಬೆಂಚು, 16ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಲ್ಯಾಟಿನ್ ಓದಿದವರು ತಮ್ಮ ಪಾಂಡಿತ್ಯ ತೋರಿಸಲು ನಡುವೆ ಒಂದು 'ಪ' ಸೇರಿಸಿದರು. ಸಾಲ ತೀರಿಸದವನ ಬೆಂಚನ್ನು ಪೇಟೆಯಲ್ಲೇ ಒಡೆದು ಹಾಕುತ್ತಿದ್ದರು ಎಂಬ ಕತೆ ಕೇಳಲು ಚೆನ್ನ. ಆದರೆ 'ರೊತ್ತಾ' ಎಂದರೆ ಸೋತದ್ದು, ನಿಂತುಹೋದದ್ದು ಎಂದೂ ಆಗುತ್ತದೆ. ನಾವು 'ಮನೆ ಮುರಿಯಿತು' ಎಂದಾಗ ಗೋಡೆಯೇ ಬಿದ್ದಿರಬೇಕೇ? ನಮ್ಮಲ್ಲಿ ಇದಕ್ಕೆ 'ದಿವಾಳಿ' ಇದೆ, 'ಪಾಪರ್' ಇದೆ. ಈ ಪಾಪರ್ ಎನ್ನುವುದೂ ಇಂಗ್ಲಿಷಿನ ಬಡವನೇ, ಕೋರ್ಟಿನ ಮೆಟ್ಟಿಲಿಳಿದು ಕನ್ನಡಕ್ಕೆ ಬಂದವ.

ಈ ಬೆಂಚಿಗೆ ಬೇರೆ ಮಕ್ಕಳಿದ್ದಾರೆಯೇ?

ಇದ್ದಾರೆ. ಮದುವೆ ಹಾಲಿನ ಬೋರ್ಡಿನಲ್ಲಿ ಕಾಣುವ 'ಬ್ಯಾಂಕ್ವೆಟ್' ಎಂದರೆ ಹುಟ್ಟಿನಲ್ಲಿ ಪುಟ್ಟ ಬೆಂಚು. 'ಮೌಂಟಿಬ್ಯಾಂಕ್' ಎಂಬ ಹಳೆಯ ಬೈಗುಳ ಇನ್ನೂ ಸೊಗಸು. ಸಂತೆಯಲ್ಲಿ ಬೆಂಚು ಹತ್ತಿ ನಿಂತು ಸರ್ವರೋಗಕ್ಕೂ ಮದ್ದು ಮಾರುವ ನಕಲಿ ವೈದ್ಯನಿಗೆ ಇಟಲಿಯವರು ಇಟ್ಟ ಹೆಸರದು, 'ಬೆಂಚು ಹತ್ತಿದವ' ಎಂದರ್ಥ. ಜಾತ್ರೆಯಲ್ಲಿ ಎಣ್ಣೆ ಮಾರುವವರನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ.

ನಮ್ಮ ಜಿಲ್ಲೆಗಳನ್ನು ಬ್ಯಾಂಕುಗಳ ತೊಟ್ಟಿಲು ಎನ್ನುತ್ತಾರಲ್ಲ, ಇಲ್ಲಿಗೆ ಈ ಪದ ಯಾವಾಗ ಬಂತು?

ಬ್ಯಾಂಕ್ ಆಫ್ ಮದ್ರಾಸಿನ ಶಾಖೆ 1868ರಲ್ಲಿ ಮಂಗಳೂರಿಗೆ ಬಂತು, ಮುಖ್ಯವಾಗಿ ಬ್ರಿಟಿಷ್ ಕಂಪನಿಗಳ ರಫ್ತು ವ್ಯಾಪಾರಕ್ಕಾಗಿ. ಅದರ ಏಜೆಂಟರು ಹದಿನೈದು ದಿನಕ್ಕೊಮ್ಮೆ ಉಡುಪಿಗೆ ಬಂದು ವ್ಯವಹಾರ ನೋಡಿ ಹೋಗುತ್ತಿದ್ದರು. ಆ ಬ್ಯಾಂಕ್ 1921ರಲ್ಲಿ ಇಂಪೀರಿಯಲ್ ಬ್ಯಾಂಕಿನೊಳಗೆ ಸೇರಿತು, ಅದು 1955ರಲ್ಲಿ ಸ್ಟೇಟ್ ಬ್ಯಾಂಕ್ ಆಯಿತು.

ನಮ್ಮವರು ತಾವೇ ಶುರು ಮಾಡಿದ್ದು 1906ರಲ್ಲಿ. ಆ ಹಳೆಯ ಹೆಸರುಗಳನ್ನು ಗಮನಿಸಿ. ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಮಾರ್ಚ್ 12ರಂದು ಉಡುಪಿಯಲ್ಲಿ ಹುಟ್ಟಿದ್ದು 'ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡುಪಿ)'. ಮೊದಲ ದಿನ ಸಂಜೆ ಅಲ್ಲಿ ಕೂಡಿದ್ದು 38 ರೂಪಾಯಿ 13 ಆಣೆ 2 ಪೈ. ಅದೇ ವರ್ಷ ಜುಲೈ 1ರಂದು ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಶುರು ಮಾಡಿದ್ದು 'ಕೆನರಾ ಬ್ಯಾಂಕ್ ಹಿಂದೂ ಪರ್ಮನೆಂಟ್ ಫಂಡ್'. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಉಡುಪಿಯಲ್ಲಿ ಕಟ್ಟಿದ್ದು 'ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್'. ಒಂದು ಕಾರ್ಪೊರೇಷನ್, ಒಂದು ಫಂಡ್, ಒಂದು ಸಿಂಡಿಕೇಟ್. ಜನರ ಬಾಯಲ್ಲಿ ಓಡಾಡಿ ಓಡಾಡಿ ಮೂರಕ್ಕೂ ಕೊನೆಯಲ್ಲಿ ಬ್ಯಾಂಕ್ ಅಂಟಿತು. ಮೊದಲನೆಯದು ಕಾರ್ಪೊರೇಷನ್ ಬ್ಯಾಂಕ್, ಮೂರನೆಯದು ಸಿಂಡಿಕೇಟ್ ಬ್ಯಾಂಕ್. ನಡುವಿನದು 1910ರಲ್ಲೇ ಹಿಂದೂ, ಪರ್ಮನೆಂಟ್, ಫಂಡ್ ಮೂರನ್ನೂ ಇಳಿಸಿ ಬರೀ ಕೆನರಾ ಬ್ಯಾಂಕ್ ಆಯಿತು. ಕೆನರಾ ಎನ್ನುವುದು ಕನ್ನಡವೇ, ಪೋರ್ಚುಗೀಸರ ನಾಲಗೆಯಲ್ಲಿ ಹೊರಳಿ ಬಂದದ್ದು ಅಷ್ಟೆ.

1924ರ ಕರ್ಣಾಟಕ ಬ್ಯಾಂಕ್, 1931ರಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟಿಯವರ ವಿಜಯಾ ಬ್ಯಾಂಕ್ ಸೇರಿದರೆ ಐದು. ವಿಜಯಾ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಕರಗಿತು. ಮುಂದಿನ ವರ್ಷ ಅದೇ ದಿನ ಸಿಂಡಿಕೇಟ್ ಹೋಗಿ ಕೆನರಾವನ್ನೂ, ಕಾರ್ಪೊರೇಷನ್ ಹೋಗಿ ಯೂನಿಯನ್ ಬ್ಯಾಂಕನ್ನೂ ಸೇರಿತು. ಕೆನರಾದ ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ, ಮಂಗಳೂರಿನಲ್ಲಿ ಮುಖ್ಯ ಕಚೇರಿ ಇಟ್ಟುಕೊಂಡು ಉಳಿದದ್ದು ಕರ್ಣಾಟಕ ಬ್ಯಾಂಕ್. ಏಪ್ರಿಲ್ 1 ಎಂದರೆ ನಮ್ಮಂಥ ಹಳಬರಿಗೆ ಈಗ ತಮಾಷೆಯ ದಿನವಾಗಿ ಉಳಿದಿಲ್ಲ.

ಪಿಗ್ಮಿ ಎಂದರೆ ಪಿಗ್ಗಿ ಬ್ಯಾಂಕೇ? ಹಂದಿಯ ಡಬ್ಬಿಯೇ?

ಇಲ್ಲ ಮಾರಾಯ್ರೆ. ಈ ಪ್ರಶ್ನೆ ಒಬ್ಬ ಮ್ಯಾನೇಜರರೇ ನನ್ನನ್ನು ಕೇಳಿದ್ದರು. ಪಿಗ್ಮಿ ಎಂದರೆ ಕುಳ್ಳ, ಚಿಕ್ಕದು. ಗ್ರೀಕಿನಲ್ಲಿ ಮುಷ್ಟಿಗೆ, ಮತ್ತು ಮೊಣಕೈಯಿಂದ ಮುಷ್ಟಿಯವರೆಗಿನ ಅಳತೆಗೆ ಇರುವ ಪದದಿಂದ ಬಂದದ್ದು. 1928ರಲ್ಲಿ ಸಿಂಡಿಕೇಟಿನವರು ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಮನೆ ಬಾಗಿಲಿಗೇ ಬಂದು ಒಯ್ಯುತ್ತೇವೆ ಎಂದು ಶುರು ಮಾಡಿದ ಠೇವಣಿಗೆ ಆ ಹೆಸರು ಸರಿಯಾಗಿಯೇ ಹೊಂದಿತು. ನಮ್ಮಲ್ಲಿ ಆ ಪದ ಠೇವಣಿಯಿಂದ ಮನುಷ್ಯನಿಗೆ ಹತ್ತಿದೆ. "ಪಿಗ್ಮಿಯವರು ಬಂದರು" ಎಂದರೆ ಬೀಡಿ ಕಟ್ಟುವ ಅಕ್ಕನಿಂದ ಹಿಡಿದು ಗೂಡಂಗಡಿಯವರೆಗೆ ಎಲ್ಲರೂ ಸೆರಗಿನ ಗಂಟು, ಗಲ್ಲಾಪೆಟ್ಟಿಗೆ ಬಿಚ್ಚುತ್ತಿದ್ದರು. ಇಟಲಿಯಲ್ಲಿ ಜನ ಬೆಂಚಿನ ಹತ್ತಿರ ಹೋದರು, ಇಲ್ಲಿ ಬೆಂಚೇ ಸೈಕಲ್ ಹತ್ತಿ ಮನೆಗೆ ಬಂತು.

ಪಿಗ್ಗಿ ಬ್ಯಾಂಕ್ ಬೇರೆ, ಅದು ಹಂದಿಯಾಕಾರದ ಹುಂಡಿ. ಅದು 'ಪಿಗ್' ಎಂಬ ಜೇಡಿಮಣ್ಣಿನಿಂದ ಬಂತು ಎಂಬ ಕತೆ ಎಲ್ಲೆಡೆ ಇದೆ, ಪದಮೂಲ ಹುಡುಕುವವರು ಅದನ್ನು ಸುಲಭಕ್ಕೆ ಒಪ್ಪುವುದಿಲ್ಲ.

ಬ್ಲಡ್ ಬ್ಯಾಂಕ್, ವೋಟ್ ಬ್ಯಾಂಕ್ ಎಲ್ಲಿಂದ ಬಂದವು?

ಬ್ಲಡ್ ಬ್ಯಾಂಕ್ ಎಂಬ ಹೆಸರಿಟ್ಟವರು ಬರ್ನಾರ್ಡ್ ಫ್ಯಾಂಟಸ್ ಎಂಬ ವೈದ್ಯರು. ಅವರು 1937ರಲ್ಲಿ ಶಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ರಕ್ತ ಶೇಖರಿಸುವ ವಿಭಾಗ ತೆರೆದರು. ಇಟ್ಟಷ್ಟೇ ತೆಗೆಯಬಹುದು, ಇಡುವವರಿಲ್ಲದಿದ್ದರೆ ಕೊಡಲಾಗದು ಎಂಬ ಲೆಕ್ಕ ಹೆಸರಿನಲ್ಲೇ ಇದೆ. ಬೀಜದ ಬ್ಯಾಂಕ್, ಕಣ್ಣಿನ ಬ್ಯಾಂಕ್, ಜೇಬಿನ ಪವರ್ ಬ್ಯಾಂಕ್ ಎಲ್ಲ ಅದೇ ಹಾದಿಯವು.

ವೋಟ್ ಬ್ಯಾಂಕ್ ನಮ್ಮದೇ ಸರಕು. ಮೈಸೂರಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1955ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯ ಬಗ್ಗೆ ಬರೆದ ಪ್ರಬಂಧದಲ್ಲಿ ಅದನ್ನು ಬಳಸಿದರು. ಅವರು ಹೇಳಿದ್ದು ಊರಿನ ಯಜಮಾನ ತನ್ನ ಹಂಗಿನಲ್ಲಿರುವವರ ಮತವನ್ನು ಕೈಯಲ್ಲಿಟ್ಟುಕೊಳ್ಳುವ ಬಗ್ಗೆ. ಈಗ ಟಿವಿ ಚರ್ಚೆಯಲ್ಲಿ ಅದು ಇಡೀ ಜಾತಿ, ಧರ್ಮಗಳ ಮೇಲೆ ಎಸೆಯುವ ಕಲ್ಲಾಗಿದೆ. ಪದ ಕೆಟ್ಟಿತು ಎಂದೇ ನನ್ನ ಅಭಿಪ್ರಾಯ.

ವಿಮಾನ 'ಬ್ಯಾಂಕ್' ಆಗುತ್ತದೆ, ರೈಲಿಗೆ 'ಬ್ಯಾಂಕರ್' ಹಾಕುತ್ತಾರೆ. ಇದರಲ್ಲಿ ದುಡ್ಡೆಲ್ಲಿ?

ದುಡ್ಡಿಲ್ಲ, ಇಲ್ಲಿ ಇರುವುದು ದಿಬ್ಬದ ಓರೆ. ಊರಲ್ಲಿ ಉಳಿದ ಅಣ್ಣನ ಸಂತತಿ. ದಂಡೆ ಎಂದರೆ ಇಳಿಜಾರು, ಇಳಿಜಾರು ಎಂದರೆ ಓರೆ. ವಿಮಾನ ತಿರುಗುವಾಗ ಒಂದು ರೆಕ್ಕೆ ಕೆಳಗೆ ಮಾಡಿ ವಾಲುವುದಕ್ಕೆ ಅದೇ ಹೆಸರು. ಬಜಪೆಯ ಗುಡ್ಡದ ನೆತ್ತಿಯ ರನ್‌ವೇಗೆ ಇಳಿಯುವ ಮೊದಲು ವಿಮಾನ ವಾಲಿದಾಗ ಕಿಟಕಿಯಲ್ಲಿ ಫಲ್ಗುಣಿ ಹೊಳೆಯ ದಂಡೆ ಕಂಡರೆ, ಒಂದು ಬ್ಯಾಂಕಿನಿಂದ ಇನ್ನೊಂದು ಬ್ಯಾಂಕ್ ನೋಡಿದಿರಿ ಎಂದು ತಿಳಿಯಿರಿ. ರಸ್ತೆಯ ತಿರುವಿನಲ್ಲಿ ಹೊರಬದಿಯನ್ನು ಎತ್ತರಿಸುವುದೂ ಬ್ಯಾಂಕಿಂಗೇ, ಪಿಯುಸಿ ಭೌತಶಾಸ್ತ್ರದಲ್ಲಿ ಖಾಯಂ ಪ್ರಶ್ನೆ.

ಬ್ರಿಟಿಷ್ ರೈಲಿನವರು ಏರುದಾರಿಯನ್ನೇ ಬ್ಯಾಂಕ್ ಎಂದರು. ಆ ಏರಿನಲ್ಲಿ ಹಿಂದಿನಿಂದ ದೂಡುವ ಎಂಜಿನು ಬ್ಯಾಂಕರ್. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರಕ್ಕೆ ಸುಮಾರು 55 ಕಿ.ಮೀ. ಘಾಟಿ, 57 ಸುರಂಗ, ಪ್ರತಿ 50 ಮೀಟರಿಗೆ ಒಂದು ಮೀಟರ್ ಏರು. ರಾತ್ರಿ ರೈಲಿನಲ್ಲಿ ಹೋಗುವಾಗ ಹಿಂದುಗಡೆ ಒಂದು ಧಕ್ಕೆ ಸಿಕ್ಕಿ ಎಚ್ಚರವಾದರೆ ಬ್ಯಾಂಕರ್ ಬಂತು ಎಂದು ಅರ್ಥ. ಒಮ್ಮೆ ಎದುರು ಸೀಟಿನವರಿಗೆ "ನಾನೂ ಬ್ಯಾಂಕರ್" ಎಂದು ಹೇಳಿ ನಗಿಸಲು ನೋಡಿದೆ. ಅವರು ಸಾಲದ ಬಡ್ಡಿ ಎಷ್ಟು ಎಂದು ಕೇಳಿದರು.

ಬೆಂಕಿಯನ್ನು 'ಬ್ಯಾಂಕ್' ಮಾಡುವುದು ಎಂದರೆ?

ಕೆಂಡದ ಮೇಲೆ ಬೂದಿಯನ್ನು ದಿಬ್ಬದಂತೆ ಒಟ್ಟಿ, ಬೆಳಗಿನವರೆಗೆ ಆರದಂತೆ ಇಡುವುದು. ನಮ್ಮಮ್ಮ ಬಚ್ಚಲ ಒಲೆಯಲ್ಲಿ ದಿನಾ ರಾತ್ರಿ ಮಾಡುತ್ತಿದ್ದ ಕೆಲಸ. ಬೆಳಿಗ್ಗೆ ಬೂದಿ ಸರಿಸಿ ನಾಲ್ಕು ತೆಂಗಿನ ಸಿಪ್ಪೆ ಒಡ್ಡಿ ಊದಿದರೆ ಹಂಡೆ ನೀರು ಕಾಯಲು ಶುರು. ಇದನ್ನು ಪಾಠದಲ್ಲಿ ಹೇಳಿದಾಗ ಒಬ್ಬ ಹುಡುಗ, "ಹಾಗಾದರೆ ಅದು ಫಿಕ್ಸೆಡ್ ಡೆಪಾಸಿಟ್ ಅಲ್ವಾ ಸರ್" ಎಂದ. ಪದಮೂಲದ ಪ್ರಕಾರ ತಪ್ಪು, ಆದರೆ ಪೂರ್ಣ ಅಂಕ ಕೊಟ್ಟೆ.

ಸಮುದ್ರದಲ್ಲೂ ಬ್ಯಾಂಕ್ ಇದೆಯಂತೆ?

ನೀರಿನೊಳಗೆ ನೆಲ ಉಬ್ಬಿ ಆಳ ಕಡಿಮೆಯಾದ ಜಾಗಕ್ಕೂ ಅದೇ ಹೆಸರು. ಇಂಗ್ಲೆಂಡಿನ ಪೂರ್ವಕ್ಕೆ ಉತ್ತರ ಸಮುದ್ರದಲ್ಲಿ ಡಾಗರ್ ಬ್ಯಾಂಕ್, ನಮ್ಮ ಕನ್ಯಾಕುಮಾರಿಯ ದಕ್ಷಿಣಕ್ಕೆ ವೆಡ್ಜ್ ಬ್ಯಾಂಕ್. ಎರಡೂ ಮೀನಿಗೆ ಹೆಸರಾದವು, ಮೀನುಗಾರರಿಗೆ ನಿಜಕ್ಕೂ ಬ್ಯಾಂಕೇ. ಆದರೆ ಹೊಳೆ ಸಮುದ್ರ ಸೇರುವಲ್ಲಿ ಕೂಡುವ ಮರಳಿನ ದಿಬ್ಬ ಅವರ ವೈರಿ. ನೇತ್ರಾವತಿಯೂ ಫಲ್ಗುಣಿಯೂ ಕಡಲು ಸೇರುವ ಅಳಿವೆಬಾಗಿಲಿನಲ್ಲಿ ಹೂಳಿನ ಮಾತು ಪ್ರತಿ ಮಳೆಗಾಲದ ಮೇಲೂ ಏಳುತ್ತದೆ. ದೋಣಿ ತಾಗಿ ಮಗುಚುವ ಭಯ ಗೊತ್ತಿರುವವರಿಗೆ 'ಸ್ಯಾಂಡ್ ಬ್ಯಾಂಕ್' ಕಿವಿಗೆ ಹಿತವಾದ ಪದವಲ್ಲ.

ಮೆಸ್ಕಾಂ ಸಬ್‌ಸ್ಟೇಷನ್ನಿನ ಕೆಪಾಸಿಟರ್ ಬ್ಯಾಂಕ್?

ಸಾಲು ಎಂಬ ಅರ್ಥ. ಹಿಂದೆ ಹಡಗಿನಲ್ಲಿ ಹುಟ್ಟು ಹಾಕುವವರು ಕೂರುತ್ತಿದ್ದ ಬೆಂಚಿನಿಂದ ಹುಟ್ಟುಗಳ ಸಾಲಿಗೆ, ಅಲ್ಲಿಂದ ಸ್ವಿಚ್ಚು, ಕೆಪಾಸಿಟರುಗಳ ಸಾಲಿಗೆ ಬಂತು.

ಪೆಟ್ರೋಲ್ ಬಂಕ್, ಕ್ಲಾಸ್ ಬಂಕ್?

ಅವು ಬೇರೆ ಪದ. ಕನ್ನಡದಲ್ಲಿ ಬರೆಯುವಾಗ ಒಂದು ಒತ್ತಕ್ಷರವೂ ದೀರ್ಘವೂ ತಪ್ಪಿದರೆ ಬ್ಯಾಂಕಿನ ಬದಲು ಬಂಕಿಗೆ ಹೋಗುತ್ತೀರಿ.

ಬ್ಯಾಂಕ್ ಹಾಲಿಡೇ ಎಂದರೆ ಎಲ್ಲರಿಗೂ ರಜೆಯೇ?

ಬ್ರಿಟನ್ನಿನಲ್ಲಿ ಹೆಚ್ಚುಕಡಿಮೆ ಹಾಗೆ. 1871ರಲ್ಲಿ ಜಾನ್ ಲುಬಕ್ ಎಂಬವರ ಪ್ರಯತ್ನದಿಂದ ಬ್ಯಾಂಕುಗಳಿಗೆ ರಜೆ ಕೊಡುವ ಕಾಯಿದೆ ಬಂತು, ಕ್ರಮೇಣ ಊರಿಗೆಲ್ಲ ಅದೇ ರಜೆಯಾಯಿತು. ಸ್ವತಃ ಅವರೂ ಬ್ಯಾಂಕಿನವರೇ, ಹಾಗಾಗಿ ನನಗೆ ಗೌರವ ಜಾಸ್ತಿ. ನಮ್ಮಲ್ಲಿ 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ ಅಡಿ ಘೋಷಿಸಿದ ರಜೆಗೆ ಬ್ಯಾಂಕ್ ಮುಚ್ಚುತ್ತದೆ. ಎರಡನೇ, ನಾಲ್ಕನೇ ಶನಿವಾರದ ರಜೆ 2015ರಿಂದ ಈಚಿನದು.

ಕನ್ನಡದಲ್ಲಿ ಹೀಗೆ ಹಲವು ಅರ್ಥದ ಪದ ಇಲ್ಲವೇ?

'ಕರೆ' ಇದೆಯಲ್ಲ! ದಡಕ್ಕೆ ಕರೆ ಎನ್ನುತ್ತೇವೆ, ತುಳುವಿನಲ್ಲೂ ಅದೇ. ಬಟ್ಟೆಯ ಅಂಚೂ ಕರೆ. ಕಂಬಳದಲ್ಲಿ ಕೋಣಗಳು ಓಡುವ ಕೆಸರಿನ ಹಾದಿ ಕರೆ, ಎರಡಿದ್ದರೆ ಜೋಡುಕರೆ. ಮದುವೆಗೆ ಕರೆಯುವುದೂ ಕರೆ, ಫೋನ್ ಬಂದರೆ ಕರೆ. ಹಸುವಿನ ಹಾಲು ಕರೆಯುತ್ತೇವೆ. ಬಟ್ಟೆಗೆ ಗೇರುಹಣ್ಣಿನ ಕರೆ ಹಿಡಿದರೆ ಹೋಗುವುದಿಲ್ಲ.

ಇಲ್ಲಿ ಆದದ್ದು ಬ್ಯಾಂಕಿಗೆ ಆದದ್ದರ ತಿರುಗುಮುರುಗು. ಹಳಗನ್ನಡದಲ್ಲಿ ಹಾಲು 'ಕಱೆ'ಯುತ್ತಿದ್ದರು, ಕಲೆಗೂ 'ಕಱೆ' ಎನ್ನುತ್ತಿದ್ದರು, ಜನರನ್ನು ಮಾತ್ರ 'ಕರೆ'ಯುತ್ತಿದ್ದರು. ಶಕಟರೇಫ ಎಂಬ ಆ 'ಱ' ಬಳಕೆ ತಪ್ಪಿದ್ದೇ ಸಂಬಂಧವಿಲ್ಲದ ಪದಗಳು ಒಂದೇ ಚಾಪೆಯಲ್ಲಿ ಬಂದು ಕೂತವು. ಬ್ಯಾಂಕಿನಲ್ಲಿ ನೆಂಟರು ಅಪರಿಚಿತರಾದರು, ಕರೆಯಲ್ಲಿ ಅಪರಿಚಿತರು ನೆಂಟರಂತೆ ಕಾಣುತ್ತಾರೆ.

ವೆಸ್ಟ್ ಬ್ಯಾಂಕ್ ಎಂದರೆ ಯಾವ ಬ್ಯಾಂಕ್? ಎಡದಂಡೆ, ಬಲದಂಡೆ ಲೆಕ್ಕ ಹೇಗೆ?

ಜೋರ್ಡಾನ್ ನದಿಯ ಪಶ್ಚಿಮ ದಂಡೆ. ಹಿಂದೊಮ್ಮೆ ಒಂದು ಪತ್ರಿಕೆಯಲ್ಲಿ 'ಪಶ್ಚಿಮ ಬ್ಯಾಂಕಿನಲ್ಲಿ ಗುಂಡಿನ ಚಕಮಕಿ' ಎಂಬ ತಲೆಬರಹ ನೋಡಿ ನಮ್ಮ ಶಾಖೆಯ ಕಾವಲುಗಾರರು ಅದು ಮುಂಬಯಿಯಲ್ಲಿರುವ ಬ್ಯಾಂಕೇ ಎಂದು ಕೇಳಿದ್ದರು. ಈಗಲೂ ಮೊಬೈಲಿನ ಅನುವಾದ ಕೆಲವೊಮ್ಮೆ ಹೊಳೆಯ ದಡದಲ್ಲಿ ಕೂತವರನ್ನು ಬ್ಯಾಂಕಿನಲ್ಲಿ ಕೂರಿಸುತ್ತದೆ.

ಎಡ ಬಲದ ಲೆಕ್ಕಕ್ಕೆ ನೀರು ಹರಿಯುವ ಕಡೆಗೆ ಮುಖ ಮಾಡಿ ನಿಲ್ಲಬೇಕು. ನೇತ್ರಾವತಿ ಸೇತುವೆಯ ಮೇಲೆ ಕಡಲಿನತ್ತ ನೋಡುತ್ತ ನಿಂತರೆ ಎಡಗೈ ಕಡೆ ಉಳ್ಳಾಲ, ಬಲಗೈ ಕಡೆ ಮಂಗಳೂರು. ಪಾಣೆಮಂಗಳೂರು ಎಡದಂಡೆಯದ್ದು, ಬಂಟ್ವಾಳ ಪೇಟೆ ಬಲದಂಡೆಯದ್ದು. ಸೇತುವೆಯ ಮೇಲೆ ವಾಹನ ಜಾಸ್ತಿ, ರೈಲಿನ ಕಿಟಕಿಯಿಂದ ನೋಡಿದರೆ ಒಳ್ಳೆಯದು.